ಹಾಲಿಗೆ ಕರೆಯುವ ಕೂಗು

ಮೊದಲು ಕಂಡದ್ದು ಬೆಂಕಿಯಲ್ಲ, ಕಾಜಾಣ. ಗುಡ್ಡದ ಪಡುವಣ ಮಗ್ಗುಲಲ್ಲಿ, ಒಣಗಿ ನಿಂತ ಕರಡದ ಹುಲ್ಲಿನ ಮೇಲೆ, ಹತ್ತಾರು ಕಾಜಾಣಗಳು ಗಾಳಿಯಲ್ಲಿ ಲಾಗ ಹೊಡೆಯುತ್ತಿದ್ದವು. ಕಾಜಾಣ ಒಂಟಿಯಾಗಿ ತಂತಿಯ ಮೇಲೆ ಕೂರುವ ಹಕ್ಕಿ. ಹಾಗೆ ಸಂತೆ ನೆರೆಯುವುದಿಲ್ಲ. ನಾನು ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡು ಖುಷಿಯಿಂದ ನೋಡುತ್ತಿದ್ದೆ. ಪಕ್ಕದ ಬಂಡೆಯ ಮೇಲೆ ಮಲಗಿದ್ದ ಗೆಳೆಯ ಎದ್ದು ಕೂತು ಮೂಗರಳಿಸಿದ.

"ಲೇ, ಏನೋ ಸುಡಾಕ ಹತ್ತೈತಿ."

ಹೀಗೆ ಬರೆದರೆ ಓದಲು ಚೆನ್ನ. ಹಕ್ಕಿಯ ಹುಚ್ಚಿನವನು ಹಕ್ಕಿ ಕಂಡ, ಮೆಕ್ಯಾನಿಕ್ಕು ಗೆಳೆಯ ವಾಸನೆ ಹಿಡಿದ. ಅದಕ್ಕೇ ಇದನ್ನು ನಾನು ಪೂರ್ತಿ ನಂಬುವುದಿಲ್ಲ. ಗೆಳೆಯನನ್ನು ಕೇಳಿದರೆ, ಮೊದಲು ಕೇಳಿಸಿದ್ದು ನಾಯಿ ಬೊಗಳಿದ್ದು, ನಾನು ಏನನ್ನೂ ನೋಡುತ್ತಿರಲಿಲ್ಲ, ಬಿಸಿಲಿಗೆ ತೂಕಡಿಸುತ್ತಿದ್ದೆ ಎನ್ನುತ್ತಾನೆ. ನಾಯಿಗಳು ಇದ್ದದ್ದು ನಿಜ. ತೂಕಡಿಸಿದ್ದು ನೆನಪಿಲ್ಲ, ತೂಕಡಿಸಿದವರಿಗೆ ಅದು ನೆನಪಿರುವುದಿಲ್ಲ. ಆದರೂ ಕಾಜಾಣದಿಂದಲೇ ಶುರು ಮಾಡುತ್ತೇನೆ. ಎಲ್ಲಿಂದಾದರೂ ಶುರು ಮಾಡಬೇಕಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಯುಗಾದಿ ಮುಗಿದು ಒಂದು ವಾರವೂ ಆಗಿರಲಿಲ್ಲ. ನಾನಾಗ ಹಡಗಲಿಯಲ್ಲಿ ಕೆಲಸದಲ್ಲಿದ್ದೆ. ರಜೆ ಸಿಕ್ಕರೆ ಹಕ್ಕಿ ನೋಡಲು ತಿರುಗುವ ಚಟ. ಗೆಳೆಯನಿಗೆ ಕೊಟ್ಟೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಅಂಗಡಿ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. ಅವನಿಗೆ ಹಕ್ಕಿಗಳಲ್ಲಿ ಆಸಕ್ತಿ ಇರಲಿಲ್ಲ; ಯಾರದೋ ಗಾಡಿ ರಿಪೇರಿಗೆ ಬಂದರೆ ಅದನ್ನು ದೂರದ ದಾರಿಯಲ್ಲಿ ಓಡಿಸಿ ನೋಡುವುದರಲ್ಲಿ ಇತ್ತು. ನಮ್ಮಿಬ್ಬರ ಚಟಗಳು ಹೀಗೆ ಕೂಡಿಕೊಂಡಿದ್ದವು.

ನಾನು ಮೊದಲ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಬಂದೆ. ಅವನು ಅಲ್ಲಿಂದ ನನ್ನನ್ನು ಹತ್ತಿಸಿಕೊಂಡು ತಂಬ್ರಹಳ್ಳಿ ಕಡೆಯ ಹಿನ್ನೀರಿಗೆ ಕರೆದೊಯ್ದ. ನೀರು ಬಹಳ ಹಿಂದೆ ಸರಿದಿತ್ತು. ಉಳಿದಿದ್ದ ಕೆಸರಿನ ಮಡುವಿನಲ್ಲಿ ಮೀನುಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಬಣ್ಣದ ಕೊಕ್ಕರೆಗಳು ನುಂಗಲಾಗದಷ್ಟು ನುಂಗಿ, ಕೊರಳು ಉಬ್ಬಿಸಿಕೊಂಡು ನಿಂತಿದ್ದವು. ಹದ್ದಿನ ಜಾತಿಯ ಕಂದು ಹಕ್ಕಿಯೊಂದು ನಾಮಗೋಳಿ ಎಂಬ ನೀರುಕೋಳಿಯ ಬೆನ್ನ ಮೇಲೆ ಎರಗಿ ಅದರ ತಲೆಯನ್ನು ನೀರಿನೊಳಗೆ ಅದುಮಿ ಹಿಡಿದಿತ್ತು. ಕೋಳಿ ಸಾಯಲು ಬಹಳ ಹೊತ್ತು ತೆಗೆದುಕೊಂಡಿತು. ಹದ್ದು ಅವಸರ ಮಾಡಲಿಲ್ಲ. ಅತ್ತಿತ್ತ ನೋಡುತ್ತ, ಬಸ್ಸಿಗೆ ಕಾಯುವವರ ಹಾಗೆ ನಿಂತಿತ್ತು.

"ಇದನ್ನ ನೋಡಾಕ ಹಡಗಲಿಯಿಂದ ಬಂದ್ಯೇನಲೇ?" ಎಂದ ಗೆಳೆಯ. "ಮೊದಲ ಹೇಳಿದ್ರ ನಮ್ಮೂರ ಮಟನ್ ಅಂಗಡಿ ಮುಂದ ಸ್ಟೂಲ್ ಹಾಕಿ ಕುಂದ್ರಸ್ತಿದ್ನೆಲ್ಲ. ಪುಕಟ್."

ಕೊಟ್ಟೂರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಕೂಡ್ಲಿಗಿ ಕಡೆಗೆ ಹೊರಟೆವು. ದಾರಿಯ ಎರಡೂ ಬದಿಯ ಗುಡ್ಡಗಳು ಅಲ್ಲಲ್ಲಿ ಕರಿದಾಗಿದ್ದವು. ಆ ತಿಂಗಳಲ್ಲಿ ಗುಡ್ಡಕ್ಕೆ ಬೆಂಕಿ ಬೀಳುವುದನ್ನು ಯಾರೂ ಸುದ್ದಿ ಎಂದು ಹೇಳುತ್ತಿರಲಿಲ್ಲ. ಹೊಗೆ ಮೋಡ ತರುತ್ತದೆಂದು ಹಚ್ಚುವವರಿದ್ದರು, ಹಳೆ ಹುಲ್ಲು ಸುಟ್ಟರೆ ಹೊಸದು ಚಿಗುರುತ್ತದೆಂದು ಹಚ್ಚುವವರಿದ್ದರು, ಬೀಡಿ ಎಸೆದು ತಿರುಗಿ ನೋಡದೆ ಹೋಗುವವರಿದ್ದರು. ಯುಗಾದಿಯ ಆಚೆ ಈಚೆ ಊರ ಗಂಡಸರು ಬೇಟೆಗೆ ಹೊರಡುವುದೂ ಉಂಟು. ಗುಡ್ಡದ ಒಂದು ಮಗ್ಗುಲಿಗೆ ಬೆಂಕಿ ಇಟ್ಟು, ಓಡಿಬರುವ ಮೊಲ, ಗೌಜಲಕ್ಕಿಗಳಿಗೆ ತಪ್ಪಿಸಿಕೊಳ್ಳಲು ಉಳಿದ ಹಳ್ಳದ ಬಾಯಲ್ಲಿ ಬಲೆ ಕಟ್ಟಿ, ಬಡಿಗೆ ಹಿಡಿದು ಕಾಯುತ್ತಾರೆ.

ನಾನು ಹೊರಟದ್ದು ಕೊಂಬಿನ ಗೂಬೆಗಾಗಿ. ಹಿಂದಿನ ವರ್ಷ ಆ ಗುಡ್ಡದ ಬಂಡೆಯೊಂದರ ಬುಡದಲ್ಲಿ ಅದು ಕಕ್ಕಿದ ಕೂದಲು, ಮೂಳೆಗಳ ಉಂಡೆಗಳು ಸಿಕ್ಕಿದ್ದವು. ಮೇಲೆಲ್ಲೋ ಗೂಡಿರಬೇಕು.

ಗಾಡಿಯನ್ನು ಉತ್ತ ಹೊಲದ ಬದುವಿನ ಹತ್ತಿರ ನಿಲ್ಲಿಸಿ ಹತ್ತಿದೆವು. ಅರ್ಧ ಹತ್ತಿದ ಮೇಲೆ ಗುಡ್ಡ ಒಂದಿಷ್ಟು ಮಟ್ಟಸವಾಗುತ್ತದೆ. ಅಲ್ಲೊಂದು ದೊಡ್ಡ ಗುಂಡುಕಲ್ಲಿನ ನೆರಳಿನಲ್ಲಿ ಬಿದಿರಿನ ದೊಡ್ಡ ಬುಟ್ಟಿಗಳನ್ನು ಬೋರಲು ಹಾಕಿದ್ದರು. ಒಳಗಿನಿಂದ ಮರಿಗಳ ಸಣ್ಣ ದನಿ. ಕುರಿ ಮೇಯಿಸುವವರು ಎಳೆಮರಿಗಳನ್ನು ಹಿಂಡಿನ ಜೊತೆ ಬಿಸಿಲಿಗೆ ಅಟ್ಟುವುದಿಲ್ಲ. ಹೀಗೆ ಬುಟ್ಟಿಯಡಿ ಮುಚ್ಚಿಟ್ಟು, ತಾಯಂದಿರನ್ನು ಮಾತ್ರ ಮೇಯಲು ಹೊಡೆದುಕೊಂಡು ಹೋಗುತ್ತಾರೆ. ಬುಟ್ಟಿಗಳ ನಡುವೆ ಒಬ್ಬ ಹೆಂಗಸು ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ನಮ್ಮನ್ನು ಕಂಡು ಏಳಲಿಲ್ಲ, ಸೆರಗು ಮಾತ್ರ ಸರಿಮಾಡಿಕೊಂಡಳು.

"ಯಾರನ್ನ ಹುಡುಕ್ತೀರಿ ಅಣ್ಣಾ?"

"ಗೂಬಿ," ಎಂದ ಗೆಳೆಯ. "ನನ್ನ ದೋಸ್ತಗ ಗೂಬಿ ಬೇಕಾಗೈತಿ ತಂಗಿ. ಮನ್ಯಾಗ ಕನ್ನಡಿ ಇಲ್ಲ."

ಅವಳು ನಕ್ಕಳು. ನನ್ನ ಕೊರಳಿನ ದುರ್ಬೀನು ನೋಡಿ "ಅದ್ರಾಗ ಏನ್ ಕಾಣ್ತೈತ್ರಿ?" ಎಂದಳು. ಕೊಟ್ಟೆ. ಕೆಳಗೆ ಪಡುವಣ ದಿಕ್ಕಿನ ಹಳ್ಳದಲ್ಲಿ ಅವಳ ಗಂಡ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಬರಿಗಣ್ಣಿಗೆ ಒಂದು ಚುಕ್ಕೆ. ಅವಳು ದುರ್ಬೀನು ಹಿಡಿದವಳು ಬಾಯಿ ಮುಚ್ಚಿಕೊಂಡಳು. "ಅಯ್ಯ, ಮೂಗಿನ್ಯಾಗ ಬೆರಳು ಹಾಕ್ಕೊಂಡು ನಿಂತಾರ ನೋಡ್ರಿ! ನನಗ ಕಾಣಂಗಿಲ್ಲ ಅನ್ಕಂಡಾರ!"

ಆ ಮರಿಗಳು ಅವಳವು. ಇದನ್ನು ಅವಳು ಕೇಳದೆಯೇ ಹೇಳಿದಳು, ಹೇಳುವಾಗ ಒಂದು ಬುಟ್ಟಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಮದುವೆಯಲ್ಲಿ ತವರಿನವರು ಕುರಿ ಬಿಟ್ಟುಕೊಟ್ಟಿದ್ದರು. ಹಿಂದಿನ ವರ್ಷದ ಮರಿಗಳು ಬೇನೆ ಬಂದು ಸತ್ತವು. ಅಲ್ಲಿಂದ ಗಂಡ ಹೆಂಡತಿ ಇಬ್ಬರೂ ಗಂಡನ ಅಣ್ಣ, ಅವಳ ಭಾವನ ದೊಡ್ಡ ಹಿಂಡಿನ ಜೊತೆ ಆಳುಗಳ ಹಾಗೆ ತಿರುಗಿದ್ದರು. ಈ ವರ್ಷ ತಾಯಿ ಕುರಿಗಳನ್ನು ಬಿಡಿಸಿಕೊಂಡು ಬೇರೆಯಾಗಿ ಬಂದಿದ್ದಾರೆ.

"ಇವು ಉಳದ್ವು ಅಂದ್ರ ನಮ್ಮದ ಒಂದು ಹಿಂಡು ಆಕೈತ್ರಿ," ಎಂದಳು. "ಇಲ್ಲಾಂದ್ರ ಮತ್ತ ಹೋಗಿ ಭಾವನ ಕುರಿ ಹಿಕ್ಕಿ ಗುಡಿಸ್ಬೇಕು. ನಾ ಹೋಗಂಗಿಲ್ಲ. ಸತ್ರೂ ಹೋಗಂಗಿಲ್ಲ. ನಮ್ಮ ನೆಗೆಣ್ಣಿ ಬಾಯಿ ನೀವು ಕೇಳಿಲ್ಲ."

"ಮರಿ ಹಾಲಿಗೆ ಅಳಂಗಿಲ್ಲೇನು?" ಗೆಳೆಯ ಕೇಳಿದ.

"ಮಧ್ಯಾನಕ್ಕೊಮ್ಮೆ, ಸಂಜಿಗೊಮ್ಮೆ ಅವ್ರು ಹೊಡ್ಕೊಂಡು ಬಂದು ಕೂಗ್ತಾರ. ಕೂಗಿದ್ರ ಸಾಕು, ಬುಟ್ಟಿ ಕುಣೀತಾವ. ತಾಯಂದಿರೂ ಬರ್ತಾವ, ಮರೀನೂ ಓಡ್ತಾವ. ನನ್ನ ಮಾತು ಒಂದೂ ಕೇಳಂಗಿಲ್ಲ, ಅವ್ರ ಗಂಟಲಿಗೆ ಅಷ್ಟ." ಆ ಕೂಗನ್ನು ಮಾಡಿ ತೋರಿಸಲು ಹೋಗಿ, ನಾಲಿಗೆ ಹೊರಳದೆ, ನಾಚಿ ನಿಲ್ಲಿಸಿದಳು.

ನಾವು ಮೇಲಕ್ಕೆ ಹೋದೆವು. ಗೂಬೆ ಸಿಕ್ಕಿತು. ಬಂಡೆಯ ಸೀಳಿನಲ್ಲಿ ತಾಯಿ, ಅದರ ಪಕ್ಕ ಬೂದು ತುಪ್ಪಳದ ಒಂದು ಮರಿ. ಕಿತ್ತಳೆ ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು. ಗೂಡಿನಂಚಿನಲ್ಲಿ ಯಾವುದೋ ಹಕ್ಕಿಯ ಕಾಲು ಮಾತ್ರ ಉಳಿದಿತ್ತು. ಬಂದ ಕೆಲಸ ಮುಗಿಯಿತು. ಮೇಲಿನ ಬಂಡೆಯ ಮೇಲೆ ಕೂತು ನೀರು ಕುಡಿದೆವು.

ಆಮೇಲೆ ಕಾಜಾಣಗಳು. ಅಥವಾ ನಾಯಿಗಳು.

ಬೆಂಕಿ ಗುಡ್ಡದ ಬುಡದಲ್ಲಿ ಒಂದು ಗೆರೆಯಂತೆ ಹರಿಯುತ್ತಿತ್ತು. ಹಗಲಿನ ಬಿಸಿಲಿಗೆ ಜ್ವಾಲೆ ಕಾಣುವುದಿಲ್ಲ. ಅದರ ಹಿಂದಿನ ನೆಲ ನಡುಗುವುದು ಕಾಣುತ್ತದೆ. ಕರಡ ಒಂದು ಬಗೆಯ ಸದ್ದು ಮಾಡಿ ಉರಿಯುತ್ತದೆ, ಬಂದರಿಕೆ ಗಿಡ ಇನ್ನೊಂದು ಬಗೆ. ಅದರ ಎಲೆಯಲ್ಲಿ ಅಂಟಿದೆ, ಪಟಪಟ ಸಿಡಿಯುತ್ತದೆ. ಬೆಂಕಿಯ ಮುಂದೆ ಮಿಡತೆಗಳು ಮೋಡದ ಹಾಗೆ ಏಳುತ್ತಿದ್ದವು. ಕಾಜಾಣಗಳು ಅವನ್ನು ಗಾಳಿಯಲ್ಲೇ ಹರಿದು ತಿನ್ನುತ್ತಿದ್ದವು. ನೀಲಕಂಠಗಳು ಬಂದವು, ಹದ್ದುಗಳು ಬಂದವು. ಓತಿಕ್ಯಾತವೊಂದನ್ನು ಎತ್ತಿಕೊಂಡು ಹೋದ ಹದ್ದಿನ ಮೇಲೆ ಇನ್ನೊಂದು ಬಿತ್ತು. ಓತಿ ಕೆಳಗೆ ಬಿತ್ತು, ಉರಿಯೊಳಗೆ. ಗೌಜಲಕ್ಕಿಗಳು ಹಾರಲು ಒಲ್ಲದೆ ಕೊನೆಯ ಗಳಿಗೆಯವರೆಗೂ ಓಡಿದವು. ಒಂದು ಹೆಣ್ಣು ನವಿಲು ಹೊಗೆಯಿಂದ ಮೇಲೆದ್ದಿತು. ಕೆಳಗಿನಿಂದ ಯಾರೋ ಎಸೆದ ಬಡಿಗೆ ಅದರ ರೆಕ್ಕೆಯ ಬುಡಕ್ಕೆ ಬಡಿಯಿತು. ಅದು ಬಿದ್ದ ಕಡೆಗೆ ನಾಯಿಗಳು ಓಡಿದವು.

ಆಗಲೇ ಗಂಡಸರು ಕಂಡದ್ದು. ಹಳ್ಳದ ಇನ್ನೊಂದು ತುದಿಯಲ್ಲಿ ಸಾಲಾಗಿ ನಿಂತು ಕೇಕೆ ಹಾಕುತ್ತಿದ್ದರು. ಬೆನ್ನಿಗೆ ಉರಿ ಹತ್ತಿದ ಮೊಲವೊಂದು ಬೆಂಕಿಯ ಗೆರೆ ದಾಟಿ ಹೊರಗೋಡಿತು. ಎಲ್ಲಿ ಓಡಿತೋ ಅಲ್ಲೆಲ್ಲ ಹೊಸ ಹುಲ್ಲು ಹತ್ತಿಕೊಂಡಿತು. ಅದು ಓಡಿದ ದಾರಿ ಹಿಡಿದು ಬೆಂಕಿ ಬೇಟೆಗಾರರ ಲೆಕ್ಕ ತಪ್ಪಿಸಿತು. ಹಳ್ಳದ ಕಡೆಗೆ ಇಳಿಯಬೇಕಾದದ್ದು ಗುಡ್ಡದ ಮಟ್ಟಸದ ಕಡೆಗೆ, ಮೇಲಕ್ಕೆ, ತಿರುಗಿತು.

ಮೊಲದಿಂದ ಹಾಗಾಯಿತೋ, ಗಾಳಿ ತಿರುಗಿತೋ. ಗಾಳಿ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಮೊಲ ಎಂದರೆ ಕೇಳುತ್ತಾರೆ. ನಾನು ಮೊಲ ಎಂದೇ ಹೇಳಿಕೊಂಡು ಬಂದಿದ್ದೇನೆ. ಮೊಲವನ್ನು ಕಂಡದ್ದಂತೂ ಹೌದು.

"ಲೇ, ಆ ಹುಡುಗಿ," ಎಂದು ಗೆಳೆಯ ಇಳಿಯಲು ಶುರು ಮಾಡಿದ್ದ.

ಗೂಬೆ ಹಗಲಿನಲ್ಲಿ ಹೊರಗೆ ಬಂದು ನಮ್ಮ ತಲೆಯ ಮೇಲಿಂದ ಹಾರಿತು. ಕಾಗೆಗಳು ಅದರ ಬೆನ್ನು ಹತ್ತಿ ಕುಕ್ಕುತ್ತ ಹೋದವು. ನಾನು ನಿಂತು ನೋಡಿದೆ. ಎಷ್ಟು ಹೊತ್ತು ಎಂದು ಕೇಳಬೇಡಿ, ಆಮೇಲೆ ಓಡಿದೆ.

ನಾವು ತಲುಪಿದಾಗ ಅವಳು ಒಂದು ಬುಟ್ಟಿ ಎತ್ತಿ, ಎರಡು ಮರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹಾಸುಬಂಡೆಯ ಕಡೆಗೆ ಓಡುತ್ತಿದ್ದಳು. ಮಟ್ಟಸದ ಮೂಡಣ ಅಂಚಿನಲ್ಲಿ ಒಂದು ಅಗಲವಾದ ಹಾಸುಬಂಡೆ, ಹುಲ್ಲಿನ ಕಡ್ಡಿಯಿಲ್ಲ. ಅಲ್ಲಿಗೆ ಬೆಂಕಿ ಬರಲಾರದು. ದಾರಿ ದೂರವಿರಲಿಲ್ಲ. ಕಲ್ಲು ಎಸೆದರೆ ಬೀಳುವಷ್ಟು. ನಾವೂ ಎರಡೆರಡು ಮರಿ ಎತ್ತಿಕೊಂಡು ಓಡಿದೆವು. ಬಂಡೆಯ ಮೇಲೆ ಇಳಿಸಿ ತಿರುಗಿದರೆ ಮರಿಗಳು ನಮ್ಮ ಹಿಂದೆಯೇ ಬರುತ್ತಿದ್ದವು. ಗೆಳೆಯ ತನ್ನ ಅಂಗಿ ಬಿಚ್ಚಿ ನಾಲ್ಕನ್ನು ಕಟ್ಟಿಹಾಕಿದ, ಹೊತ್ತು ತಂದ ಉಳಿದವುಗಳ ಮೇಲೆ ಅವಳು ಒಂದು ಬುಟ್ಟಿ ತಂದು ಮುಚ್ಚಿದಳು. ಎರಡು ಸಲ ಓಡಿದೆವೋ ಮೂರು ಸಲವೋ. ಹೊಗೆ ಅಷ್ಟರಲ್ಲಿ ಗುಂಡುಕಲ್ಲಿನ ನೆರಳನ್ನು ನುಂಗಿತ್ತು. ಇನ್ನೂ ಅರ್ಧಕ್ಕಿಂತ ಹೆಚ್ಚು ಬುಟ್ಟಿಗಳು ಉಳಿದಿದ್ದವು.

"ಒಂದೊಂದ ಎತ್ತಿದ್ರ ಆಗಂಗಿಲ್ಲ!" ಎಂದು ಅವಳು ಕೂಗಿ, ಕಾಲಿನಿಂದ ಒದ್ದು ಬುಟ್ಟಿಗಳನ್ನು ಒಂದಾದ ಮೇಲೊಂದು ಮಗುಚಿದಳು. ಅವಳೇ ಮಗುಚಿದಳು, ಇದರಲ್ಲಿ ನನಗೆ ಅನುಮಾನವಿಲ್ಲ. ಅದು ಸರಿಯಾದ ಕೆಲಸವೂ ಆಗಿತ್ತು. ಮರಿಗಳು ಮೊದಲು ದಿಕ್ಕು ತೋಚದೆ ಒಂದಕ್ಕೊಂದು ಒತ್ತಿ ನಿಂತವು. ಅವಳು ಒಂದು ಮರಿಯನ್ನು ಎತ್ತಿ ಅದರ ಕಿವಿ ಹಿಂಡಿ ಅಳಿಸುತ್ತ, ಹಿಮ್ಮುಖವಾಗಿ ಬಂಡೆಯ ಕಡೆಗೆ ನಡೆದಳು. ಆ ಅಳುವಿನ ಹಿಂದೆ ಉಳಿದವು ಹೊರಟವು. ಬರುತ್ತಿದ್ದವು. ನಾನೂ ಗೆಳೆಯನೂ ಹಿಂದಿನಿಂದ ಕೈಬೀಸಿ ಅಟ್ಟುತ್ತಿದ್ದೆವು. ಅರ್ಧ ದಾರಿ ಬಂದಿದ್ದವು.

ನನ್ನ ನೆನಪಿನಲ್ಲಿ ಆ ಮರಿಗಳು ಬಿಳಿ. ಅವು ಬಿಳಿ ಇರಲಿಲ್ಲ. ಹೆಚ್ಚಿನವು ಕರಿ, ಕೆಲವು ಕಂದು. ಹೊಗೆಯಲ್ಲಿ ಕಾಣಿಸಲೆಂದು ನೆನಪು ಅವಕ್ಕೆ ಸುಣ್ಣ ಬಳಿದಿದೆ.

ಆಗ ಕೆಳಗಿನಿಂದ ಕೂಗು ಬಂತು.

ನಾಲಿಗೆಯನ್ನು ಅಂಗುಳಕ್ಕೆ ಹೊರಳಿಸಿ ತೆಗೆದ ಗಡಗಡ ದನಿ, ಕೊನೆಗೆ ಉದ್ದನೆಯ ಓ. ನಾನು ಅದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಕೇಳಿದ ಕೂಡಲೇ ಅದೇನೆಂದು ತಿಳಿಯಿತು, ಏಕೆಂದರೆ ಮರಿಗಳೆಲ್ಲ ಒಟ್ಟಿಗೆ ತಲೆ ಎತ್ತಿದವು.

ಅವಳ ಗಂಡನ ಕಡೆಯಿಂದ ನೋಡಿದರೆ ಅದು ನ್ಯಾಯ. ಬೆಂಕಿ ಮರಿಗಳಿರುವ ಕಡೆಗೆ ತಿರುಗಿದ್ದನ್ನು ಕಂಡು ತಾಯಿ ಕುರಿಗಳು ಅರಚುತ್ತ ಉರಿಯ ಕಡೆಗೇ ನುಗ್ಗುತ್ತಿದ್ದವಂತೆ. ಕಲ್ಲು ಹೊಡೆದರೂ ನಿಲ್ಲಲಿಲ್ಲವಂತೆ. ಅವನ್ನು ಉತ್ತ ಹೊಲಕ್ಕೆ ಎಳೆಯಲು ಅವನ ಬಳಿ ಇದ್ದದ್ದು ಒಂದೇ, ಹಾಲಿಗೆ ಕರೆಯುವ ಕೂಗು. ಆ ಕೂಗು ಕೇಳಿದರೆ ಅವು ಅವನ ಹಿಂದೆ ಬರುತ್ತವೆ. ಬಂದವು. ಮರಿಗಳು ಬುಟ್ಟಿಯಡಿ ಇವೆ, ಹೆಂಡತಿ ಹೊತ್ತು ಸಾಗಿಸುತ್ತಾಳೆ ಎಂದು ಅವನು ತಿಳಿದಿದ್ದ. ಬುಟ್ಟಿ ಮಗುಚಿದ್ದು ಅವನಿಗೇನು ಗೊತ್ತು?

ಮರಿಗಳು ತಿರುಗಿದವು. ನಮ್ಮ ಕಾಲುಗಳ ನಡುವಿನಿಂದ ನುಸುಳಿ ಓಡಿದವು. ಒಂದನ್ನು ಹಿಂಗಾಲು ಹಿಡಿದು ಎಳೆದೆ, ಇನ್ನೊಂದರ ಮೇಲೆ ಬಿದ್ದೆ. ಗೆಳೆಯ ಎರಡನ್ನು ಹಿಡಿದ. ಉಳಿದವು ಬಾಲ ಎತ್ತಿಕೊಂಡು, ಆ ವಯಸ್ಸಿನ ಮರಿಗಳು ಹಾರುವಂತೆಯೇ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಹಾರುತ್ತ, ಇಳಿಜಾರಿನ ಕರಡದೊಳಗೆ ಇಳಿದವು. ಅವಕ್ಕಿಂತ ಎತ್ತರವಿತ್ತು ಹುಲ್ಲು.

"ಕೂಗಬ್ಯಾಡಾ!" ಎಂದು ಅವಳು ಚೀರಿದಳು. "ಏಯ್, ಕೂಗಬ್ಯಾಡಾ, ಬಾಯಿ ಮುಚ್ಚೋ!" ಗಂಡನನ್ನು ಅವರು, ಇವರು ಎನ್ನುತ್ತಿದ್ದವಳು. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಅವನ ಕೂಗು ನಮಗೆ ಸ್ಪಷ್ಟ, ಅವಳದು ಅವನಿಗೆ ಇಲ್ಲ. ಕೆಳಗಿನಿಂದ ಮತ್ತೆ ಗಡಗಡ, ಮತ್ತೆ ಉದ್ದನೆಯ ಓ. ತಾಳ್ಮೆಯಿಂದ, ಪ್ರೀತಿಯಿಂದ, ದಿನವೂ ಕರೆಯುವ ಹಾಗೆ.

ಅವಳು ಮರಿಗಳ ಹಿಂದೆ ಇಳಿಯಲು ಓಡಿದಳು. ಗೆಳೆಯ ಹಿಂದಿನಿಂದ ಅವಳ ಸೊಂಟ ತಬ್ಬಿ ಎಳೆದ. ಅವಳು ಅವನ ಮುಂಗೈ ಕಚ್ಚಿದಳು. ಬಿಡಲಿಲ್ಲ. ಮೊಣಕೈಯಿಂದ ಅವನ ಮೂಗಿಗೆ ಗುದ್ದಿದಳು. ರಕ್ತ ಅವನ ಬನಿಯನ್ನಿನ ಮೇಲೆ ಸುರಿಯಿತು. "ಹೊಡಿ, ಎಷ್ಟಾರ ಹೊಡಿ ತಂಗಿ," ಎನ್ನುತ್ತ ಅವನು ಅವಳನ್ನು ಎಳೆದ, ನಾನು ಕಾಲು ಹಿಡಿದೆ. ಮೂಟೆಯ ಹಾಗೆ ಅವಳನ್ನು ಹಾಸುಬಂಡೆಯ ಮೇಲೆ ಒಗೆದು ಇಬ್ಬರೂ ಮೇಲೆ ಬಿದ್ದೆವು. ಬೆಂಕಿ ಮಟ್ಟಸಕ್ಕೆ ಹತ್ತಿತು. ಬುಟ್ಟಿಗಳು ಒಂದೊಂದೇ ಹೊತ್ತಿಕೊಂಡವು. ನನ್ನ ಬೆನ್ನ ಅಂಗಿ ಬಿಸಿಯಾಗಿ ಚರ್ಮಕ್ಕೆ ಅಂಟಿತು. ಇಳಿಜಾರಿನಲ್ಲಿ ಮರಿಗಳ ದನಿ ಕೇಳುತ್ತಿತ್ತು. ಅವಳು ಇಬ್ಬರ ಭಾರದಡಿಯಿಂದ ತಲೆ ಎತ್ತಿ ಎತ್ತಿ ಬಂಡೆಗೆ ಹಣೆ ಚಚ್ಚಿಕೊಂಡಳು. ನಾನು ನನ್ನ ಅಂಗೈಯನ್ನು ಹಣೆಗೂ ಬಂಡೆಗೂ ನಡುವೆ ಇಟ್ಟೆ. ಆಮೇಲೆ ದನಿ ಇರಲಿಲ್ಲ. ಕೂಗು ಮಾತ್ರ ಇತ್ತು. ಅದೂ ನಿಂತಿತು.

ಹುಲ್ಲಿನ ಬೆಂಕಿ ಬೇಗ ದಾಟಿ ಹೋಗುತ್ತದೆ. ಅದು ಹೋದ ಮೇಲೆ ನೆಲ ಕರಿ, ಆಕಾಶ ಹಾಗೆಯೇ. ಇಳಿಜಾರಿನಲ್ಲಿ ಏನಿತ್ತೆಂದು ಬರೆಯುವುದಿಲ್ಲ. ಹದ್ದುಗಳು ಆಗಲೇ ಇಳಿಯತೊಡಗಿದ್ದವು. ಬೆಳಗಿನಿಂದ ನಾನು ದುರ್ಬೀನಿನಲ್ಲಿ ಮೆಚ್ಚಿ ನೋಡಿದ ಹಕ್ಕಿಗಳಿಗೆ ಕಲ್ಲು ಹೊಡೆದೆ. ಕಲ್ಲುಗಳು ಬಿಸಿಯಾಗಿದ್ದವು.

ಗಂಡ ಸುತ್ತು ಹಾಕಿ ಉತ್ತರದ ದಾರಿಯಿಂದ ಹಿಂಡು ಹೊಡೆದುಕೊಂಡು ಮೇಲೆ ಬಂದ. ಹುಬ್ಬು ಸುಟ್ಟಿತ್ತು, ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು. ಮುಖದಲ್ಲಿ ಗೆದ್ದವನ ಕಳೆ. ದೂರದಿಂದಲೇ ಕೂಗಿ ಹೇಳಿದ:

"ಒಂದೂ ಹೋಗ್ಲಿಲ್ಲ ನೋಡು! ಎಲ್ಲಾ ಕರಕೊಂಡು ಬಂದೀನಿ!"

ಅವಳು ಅವನ ಕೈಯ ಕೋಲು ಕಿತ್ತುಕೊಂಡು ಅವನ ಹೆಗಲಿಗೆ ಹೊಡೆದಳು. ಅವನು ತಡೆಯಲಿಲ್ಲ, ಯಾಕೆಂದು ತಿಳಿಯದೆ ನಿಂತ. ಎರಡನೆಯ ಏಟಿಗೆ ಕಿವಿ ಹರಿಯಿತು. "ಯಾಕ ಕೂಗಿದಿ?" ಎಂದಳು. ಹೊಡೆದಳು. "ಯಾಕ ಕೂಗಿದಿ?" ಅವನು ಹಾಸುಬಂಡೆಯ ಮೇಲಿದ್ದ ಮರಿಗಳನ್ನು ನೋಡಿದ. ಸುಟ್ಟ ಬುಟ್ಟಿಗಳನ್ನು ನೋಡಿದ. ಆಮೇಲೆ ಇಳಿಜಾರನ್ನು. ಅವನೇನೂ ಅಳಲಿಲ್ಲ. ಅವಳ ಕೈಯಿಂದ ಕೋಲನ್ನು ಮೆಲ್ಲಗೆ ಬಿಡಿಸಿಕೊಂಡು ಕೆಳಗಿಳಿದ.

ಬೇಟೆಯವರು ಅಷ್ಟರಲ್ಲಿ ಬೆಂಕಿಯ ಅಂಚನ್ನು ಸೊಪ್ಪಿನಿಂದ ಬಡಿಯುತ್ತ ಮೇಲೇರುತ್ತಿದ್ದರು. ಅವರೂ ಹೆದರಿದ್ದರು. ಮೇಲೆ ಜನ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದರು. ಮುಂದಿದ್ದ ಕೆಂಪು ಟವೆಲಿನ ಗಂಡಸು "ಯಾರಿಗೇನೂ ಆಗಿಲ್ಲಲ್ಲ..." ಎನ್ನುತ್ತಿದ್ದಂತೆ ಗಂಡನ ಕೋಲು ಅವನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ನಾಯಿ ಕುರಿಯವನ ತೊಡೆಗೆ ಬಾಯಿ ಹಾಕಿತು. ನಾಲ್ಕೈದು ಬಡಿಗೆಗಳು ಅವನ ಮೇಲೆ ಬಿದ್ದವು. ಗೆಳೆಯ "ಅರೇ, ಒಬ್ಬನ್ನ ಎಷ್ಟು ಮಂದಿ ಹೊಡಿತೀರ್ಲೇ ಗಂಡಸ್ರು!" ಎಂದು ಗುಂಪಿಗೆ ನುಗ್ಗಿದ. ಒಬ್ಬನ ಕುತ್ತಿಗೆ ಹಿಡಿದು ಬೂದಿಯಲ್ಲಿ ಮುಖ ಒರೆಸಿದ. ನಾನು ದುರ್ಬೀನಿನ ಪಟ್ಟಿ ಹಿಡಿದು ಬೀಸಿದೆ. ಅದು ಯಾರದೋ ಮೊಣಕೈಗೆ ಬಡಿದು ಒಂದು ಗಾಜು ಒಡೆಯಿತು. ನನ್ನ ಕಿವಿಯ ಮೇಲೆ ಏನೋ ಬಿತ್ತು. ಗೆಳೆಯ ಹೇಳುವಂತೆ ನಾನು ಒಂದೇ ಏಟಿಗೆ ಕೂತುಬಿಟ್ಟೆ, ಕೂತಲ್ಲಿಂದ ಬೈಯುತ್ತಿದ್ದೆ.

ಜಗಳ ಹೇಗೆ ನಿಂತಿತೆಂದರೆ, ಅವರಲ್ಲೊಬ್ಬ ಇಳಿಜಾರು ನೋಡಿದ. "ಏ, ನಿಲ್ಲಿಸ್ರೋ," ಎಂದ. "ಮರಿ ಅದಾವ. ಇಲ್ಲಿ ಪೂರಾ ಮರಿ ಅದಾವ." ಬಡಿಗೆಗಳು ಕೆಳಗಿಳಿದವು. ಕೆಂಪು ಟವೆಲಿನವನು ಬಾಯಿಂದ ರಕ್ತ ಉಗಿದು ಇಳಿಜಾರಿನ ಕಡೆ ನೋಡಿದ. ಆಮೇಲೆ ಹೆಗಲಿಗೆ ಜೋತುಬಿಟ್ಟಿದ್ದ ಎರಡು ಮೊಲಗಳನ್ನು ತೆಗೆದು, ಮೇಲೆ ಹತ್ತಿ, ಹಾಸುಬಂಡೆಯ ಅಂಚಿನಲ್ಲಿ ಅವಳ ಮುಂದೆ ಇಟ್ಟ.

"ತಗೋ ಯವ್ವ," ಎಂದ. ಮುರಿದ ಹಲ್ಲಿನಿಂದ ಮಾತು ಸಿಳ್ಳೆಯ ಹಾಗೆ ಬಂತು. ಅವನ ಊರ ಕಡೆ ಬೇಟೆಯಲ್ಲಿ ಯಾರಿಗಾದರೂ ನೋವಾದರೆ ಅವರಿಗೆ ಪಾಲು ಕೊಡುವುದು ಪದ್ಧತಿ. ಅವನಿಗೆ ಬೇರೆ ತೋಚಿರಲಿಕ್ಕಿಲ್ಲ.

ಅವಳು ಮೊಲಗಳನ್ನು ಕಿವಿ ಹಿಡಿದೆತ್ತಿ ಅವನ ಮುಖಕ್ಕೆ ಎಸೆದಳು. ಅವನು ಅವನ್ನು ಹೆಕ್ಕಿಕೊಳ್ಳದೆ ಇಳಿದು ಹೋದ. ನಾಯಿಯೊಂದು ಹಿಂದಕ್ಕೆ ಬಂದು ಒಂದನ್ನು ಕಚ್ಚಿಕೊಂಡು ಹೋಯಿತು.

ಇಲ್ಲಿಗೆ ಮುಗಿಸಬಹುದಿತ್ತು. ಹಿಂದೆ ಹೇಳುವಾಗೆಲ್ಲ ಇಲ್ಲಿಗೇ ಮುಗಿಸುತ್ತಿದ್ದೆ. ಮುಗಿದಿರಲಿಲ್ಲ, ಬಂಡೆಯ ಮೇಲೆ ನಾವು ಹೊತ್ತು ತಂದ ಮರಿಗಳು ಇನ್ನೂ ಇದ್ದವು, ಹಸಿದು ಅಳುತ್ತಿದ್ದವು.

ಅವಳು ಬುಟ್ಟಿ ಎತ್ತಿ, ಅಂಗಿಯ ಗಂಟು ಬಿಚ್ಚಿ ಮರಿಗಳನ್ನು ತಾಯಂದಿರ ಬಳಿಗೆ ಬಿಟ್ಟಳು. ಮರಿಗಳು ಓಡಿ ಕೆಚ್ಚಲಿಗೆ ಬಾಯಿ ಹಾಕಿದವು. ತಾಯಿ ಕುರಿಗಳು ತಿರುಗಿ ಮೂಸಿದವು. ಮೂಸಿ ಒದ್ದವು. ಮರಿಗಳ ಮೈಯಲ್ಲಿ ಹೊಗೆಯ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಹೆತ್ತ ಕುರಿಯೇ ತನ್ನ ಮರಿಯನ್ನು ಕೊಂಬಿಲ್ಲದ ತಲೆಯಿಂದ ಗುದ್ದಿ ಉರುಳಿಸಿತು. ಮರಿ ಕಳೆದುಕೊಂಡ ಕುರಿಗಳು ಕೆಚ್ಚಲು ಬಿಗಿದು, ಇಳಿಜಾರಿನ ಕಡೆಗೆ ಮುಖ ಮಾಡಿ ಅರಚುತ್ತಿದ್ದವು. ಹತ್ತಿರ ಬಂದ ಮರಿಗಳನ್ನು ಅವೂ ಗುದ್ದಿದವು.

"ಇವೂ ಹೋಗ್ತಾವ," ಎಂದ ಗಂಡ. ಕುಂಟುತ್ತ ಬಂದು ದೂರದಲ್ಲಿ ನಿಂತಿದ್ದ. ತೊಡೆಯಿಂದ ರಕ್ತ ಇಳಿಯುತ್ತಿತ್ತು. "ಕುಡಸ್ಲಿಲ್ಲಾಂದ್ರ ಬೆಳಿಗ್ಗಿ ಹೊತ್ತಿಗೆ ಇವೂ ಹೋಗ್ತಾವ. ಅಣ್ಣನ ಕಡಿಗೆ ಹೋಗೋಣು ನಡಿ. ಅಲ್ಲಿ ಆಡು ಅದಾವ, ಬಾಟ್ಲಿಲೆ ಹಾಕ್ತಾರ."

ಅವಳು ಅವನ ಕಡೆ ನೋಡಲಿಲ್ಲ. ಒಂದು ಕುರಿಯ ಕೊರಳು ಹಿಡಿದು ನೆಲಕ್ಕೆ ಕೆಡವಿದಳು. ಅದರ ಕುತ್ತಿಗೆಯ ಮೇಲೆ ತೊಡೆ ಹಾಕಿ ಕೂತು, ಹಾಲು ಹಿಂಡಿ ಅಂಗೈಗೆ ತೆಗೆದುಕೊಂಡಳು. ಆ ಹಾಲನ್ನು ಮರಿಯ ಬೆನ್ನಿಗೆ, ತಲೆಗೆ, ಬಾಲದ ಬುಡಕ್ಕೆ ತಿಕ್ಕಿದಳು. ಮರಿಯ ಬಾಯಿ ಅಗಲಿಸಿ ಮೊಲೆಗೆ ಇಟ್ಟಳು. ಕುರಿ ಹಿಂಗಾಲು ಝಾಡಿಸಿತು. ಗೊರಸು ಅವಳ ಗಲ್ಲ ಸೀಳಿತು.

"ಹಿಡೀರಿ," ಎಂದಳು ನಮಗೆ.

ನಾವು ಹಿಡಿದೆವು. ಗೆಳೆಯ ಎಂಜಿನ್ ಬಿಚ್ಚುವವನ ಬಲದಿಂದ ಕುರಿಗಳನ್ನು ಒಂದಾದ ಮೇಲೊಂದು ಕೆಡವಿದ. ನಾನು ಕಾಲುಗಳ ಮೇಲೆ ಕೂತೆ. ಕೈಯಡಿಯಲ್ಲಿ ಅವುಗಳ ಎದೆ ಹೊಡೆದುಕೊಳ್ಳುತ್ತಿತ್ತು. ಕೆಲವು ಮೂರನೆಯ ಸಲಕ್ಕೆ ಸೋತು, ಉಸಿರು ಬಿಟ್ಟು, ಮರಿಗೆ ಮೊಲೆ ಬಿಟ್ಟವು. ಕೆಲವು ಹಾಲನ್ನು ತಡೆದು ಹಿಡಿದವು. ಅವಕ್ಕೆ ಅವಳು ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಇಳಿಸಿದಳು, ಮರಿ ತಲೆಯಿಂದ ಗುದ್ದುವ ಹಾಗೆ, ಅದಕ್ಕಿಂತ ಜೋರಾಗಿ. ಬಿಸಿಲು ಇಳಿಯಿತು. ನಮ್ಮ ಬಟ್ಟೆ ಬೂದಿ, ಹಾಲು, ಹಿಕ್ಕೆಯಿಂದ ಗಟ್ಟಿಯಾಗಿತ್ತು.

ಕೊನೆಗೊಂದು ಕಂದು ಕುರಿ ಉಳಿಯಿತು. ಎಷ್ಟು ಸಲ ಕೆಡವಿದರೂ ಎದ್ದು ಮರಿಯನ್ನು ತುಳಿಯಲು ಬರುತ್ತಿತ್ತು. ಮರಿಗೆ ನಿಲ್ಲಲು ತ್ರಾಣವಿರಲಿಲ್ಲ.

"ಬಿಡು ತಂಗಿ," ಎಂದ ಗೆಳೆಯ. "ಬ್ಯಾರೆ ಕುರಿಗೆ ಹಚ್ಚು. ಮರಿ ಸತ್ತ ಕುರಿ ಬೇಕಾದಷ್ಟು ಅದಾವ."

"ಅವು ಒಂದೂ ತಗಳ್ಳಿಲ್ಲ, ನೀವ ನೋಡಿರಲ್ಲ. ಇದರ ಮರಿ ಇದು. ಇದ ಉಣಿಸ್ಬೇಕು."

ಅವಳು ಮೊದಲ ಬಾರಿಗೆ ಗಂಡನ ಕಡೆ ತಿರುಗಿದಳು. ಅವನು ಬೊಬ್ಬೆ ಒಡೆದ ಕೈಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

"ಏನ್ ನೋಡ್ತೀ? ಹಿಡಿ."

ಅವನು ಬಂದು ಕುರಿಯ ಹಿಂಗಾಲುಗಳನ್ನು ಹಿಡಿದ. ಸುಟ್ಟ ಅಂಗೈಯ ಚರ್ಮ ಉಣ್ಣೆಗೆ ಅಂಟಿ ಸುಲಿಯುವುದು ಕಂಡಿತು. ಹಲ್ಲು ಕಚ್ಚಿದ, ಬಿಡಲಿಲ್ಲ. ಅವಳು ಮರಿಯ ಬಾಯಿಯನ್ನು ಮೊಲೆಗೆ ಒತ್ತಿ ಹಿಡಿದಳು. ಮರಿ ಚೀಪಲಿಲ್ಲ. ಅದರ ಗಂಟಲನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ತೀಡಿದಳು. ಒಂದು ಗುಟುಕು ಇಳಿಯಿತು. ಕುರಿ ಕೊಸರಿ ಕಾಲು ಬಿಡಿಸಿಕೊಂಡು ಒದೆಯಿತು. ಮರಿ ದೂರ ಬಿತ್ತು. ಅವಳು ಅದನ್ನು ಕಾಲು ಹಿಡಿದು ಎಳೆದುಕೊಂಡಳು. ಅವನು ಕುರಿಯನ್ನು ಮತ್ತೆ ಕೆಡವಿದ.